ನೆಲದ ರಾಗಿಯ ವಾಸನೆ

ಆ ದಿನ ದೀಪ ಉರಿಯುತ್ತಿತ್ತೋ ಆರಿಹೋಗಿತ್ತೋ, ಖಚಿತವಾಗಿ ಹೇಳಲು ನನಗೆ ಬರುವುದಿಲ್ಲ. ಉರಿಯುತ್ತಿತ್ತು ಎಂದೇ ನನ್ನ ನೆನಪು. ಆದರೆ ನಾನು ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರ ಆ ನೆನಪನ್ನು ಒಪ್ಪುತ್ತಿರಲಿಲ್ಲ, ನನ್ನ ಅಕ್ಕನೂ ಒಪ್ಪುತ್ತಿರಲಿಲ್ಲ. ವರ್ಷ ಕಳೆದಂತೆ ನನಗೇ ಅನುಮಾನ ಹತ್ತಿತು. ಕಂಡದ್ದನ್ನು ನೆನಪಿಟ್ಟುಕೊಂಡಿದ್ದೇನೋ, ಅಕ್ಕನ ಸಮಾಧಾನಕ್ಕೆಂದು ಮೊದಲ ಸಲ ಆಡಿದ ಮಾತನ್ನೇ ಕಂಡದ್ದೆಂದುಕೊಂಡಿದ್ದೇನೋ.

ಪ್ರಶ್ನೆ ಅಕ್ಕನದು. ಅವಳ ಗಂಡ ರಾಗಿ ತೆಗೆಯಲು ಹಗೇವಿಗೆ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೆ, ಇಳಿದು ಮತ್ತೆ ಮೇಲೆ ಬರಲಿಲ್ಲ. ಇಳಿಯುವ ಮುಂಚೆ, ಒಳಗೆ ಕೆಟ್ಟ ಗಾಳಿ ನಿಂತಿದೆಯೇ ಎಂದು ನೋಡಲು ಅವಳ ಮಾವ ಒಂದು ದೀಪ ಇಳಿಬಿಟ್ಟಿದ್ದರು. ಅದು ಉರಿಯುತ್ತಿದ್ದರೆ ಆದದ್ದು ಯಾರ ಕೈಯಲ್ಲೂ ಇರಲಿಲ್ಲ. ಆರಿದ್ದರೆ, ಆರಿದ್ದನ್ನು ಕಂಡೂ ಮುದುಕ ಮಗನನ್ನು ಇಳಿಸಿದ ಎಂದಾಯಿತು. ಅಂಥವನಿಗೆ ದಿನಕ್ಕೆರಡು ಹೊತ್ತು ಮುದ್ದೆ ತಿರುವಿ ಹಾಕಿಕೊಂಡು ತಾನು ಆ ಮನೆಯಲ್ಲಿ ಯಾಕಿರಬೇಕು ಎಂಬುದು ಅವಳ ಸಂಕಟ. ನಾನು ಹೋದಾಗಲೆಲ್ಲ ಕೇಳುತ್ತಿದ್ದಳು. "ನೀನಿದ್ದೆಯಲ್ಲೋ ಅಲ್ಲಿ. ಹೇಳು, ಉರೀತಿತ್ತಾ?"

ಆ ಹಗೇವಿನ ಬಾಯಿಗೆ ನಾವು ಬಂದದ್ದು ನಾಲ್ಕೂರಿನ ಸಂತೆ ಸುತ್ತಿ. ಅಲ್ಲಿಂದಲೇ ಹೇಳುತ್ತೇನೆ. ಸಂತೆಗಳ ವಿಷಯದಲ್ಲಿ ನನ್ನ ನೆನಪು ಸ್ವಲ್ಪ ವಾಸಿ.

ಯುದ್ಧ ನಡೆಯುತ್ತಿದ್ದ ಕಾಲ. ಬರ್ಮಾದ ಅಕ್ಕಿ ಬರುವುದು ನಿಂತುಹೋಗಿತ್ತು. ಬೆಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು, ಸಿಕ್ಕ ಕೆಲಸ ಒಗ್ಗದೆ, ಮನೆಯಲ್ಲೂ ಕೂರಲಾರದೆ ಮಧುಗಿರಿಯ ಅಕ್ಕನ ಮನೆಗೆ ಬಂದು ಸೇರಿದ್ದೆ. ಅಕ್ಕ ಭಾವ ಅಲ್ಲಿಯ ಮಾರ್ಕೆಟ್ಟಿನ ಒಂದು ಮೂಲೆಯಲ್ಲಿ ಮುದ್ದೆ ಊಟದ ಅಂಗಡಿ ಇಟ್ಟಿದ್ದರು. ಅಂಗಡಿ ಎಂದರೆ ಕಲ್ಲುಕಂಬಗಳ ನಡುವೆ ಕಟ್ಟಿದ ಎರಡು ತಡಿಕೆ, ಒಂದು ದೊಡ್ಡ ಒಲೆ, ನೆಲಕ್ಕೆ ಹಾಸಿದ ಈಚಲು ಚಾಪೆ. ಗಾಡಿ ಹೊಡೆಯುವವರು, ಮೂಟೆ ಹೊರುವವರು, ಕಾಳು ಅಳೆಯುವವರು ಅಲ್ಲಿ ಸಾಲಾಗಿ ಕೂತು ಹುರುಳಿಕಾಳಿನ ಸಾರಿನಲ್ಲಿ ಮುದ್ದೆ ಮುರಿಯುತ್ತಿದ್ದರು.

ಮಾರ್ಕೆಟ್ಟಿನಲ್ಲಿ ನನಗೆ ಬೇಕಾದದ್ದು ಸುಮ್ಮನೆ ಅಲೆಯುವುದು. ಮೆಣಸಿನಕಾಯಿ ಸಾಲಿನಲ್ಲಿ ಕೊಳ್ಳುವವರು ಮಾರುವವರು ಒಟ್ಟಿಗೆ ಸೀನುತ್ತಿದ್ದರು. ಅದರಾಚೆ ಹುಣಸೆಹಣ್ಣು, ಜೇನುನೊಣ ಮುತ್ತಿದ ಬೆಲ್ಲದ ಅಚ್ಚು, ಗಾಣದವರ ಹುಚ್ಚೆಳ್ಳೆಣ್ಣೆ. ಎಲ್ಲಕ್ಕಿಂತ ಒಳಗೆ ಕಾಳಿನ ಸಾಲು. ನಮ್ಮ ಕಡೆ ಕಾಳು ಅಳೆಯುವವರು ಮೊದಲ ಅಳತೆಯನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ರಾಗವಾಗಿ ಎಣಿಕೆ ಸಾಗುತ್ತದೆ. ಸಂತೆಯ ದಿನ ಆ ಸಾಲಿನಲ್ಲಿ ಒಂದು ಕಡೆ ಲಾಭ ಎನ್ನುವಾಗ ಇನ್ನೊಂದು ಕಡೆ ಹತ್ತು, ಮತ್ತೊಂದು ಕಡೆ ಮತ್ತೆ ಲಾಭ. ಭಜನೆಯ ಹಾಗೆ ಕೇಳಿಸುತ್ತಿತ್ತು.

ಒಂದು ಸಂತೆಯ ದಿನ ಆ ಸದ್ದು ಇರಲಿಲ್ಲ. ನಾನು ಒಲೆಯ ಹತ್ತಿರ ಕೂತಿದ್ದೆ. ಏನೋ ಕಡಿಮೆಯಾಗಿದೆ ಎನಿಸಿತು, ಏನೆಂದು ಹೊಳೆಯಲಿಲ್ಲ. ಎದ್ದು ಹೋಗಿ ನೋಡಿದರೆ ಅಳೆಯುವವರು ಕೊಳಗ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದರು.

ಸಂತೆಗೆ ರಾಗಿ ಬಾರದಿದ್ದದ್ದು ಅಂಗಡಿಯಲ್ಲಿ ಮುದ್ದೆಯ ಗಾತ್ರದಲ್ಲಿ ಕಂಡಿತು.

"ಏನಕ್ಕಯ್ಯೋ, ಓದ್ ವಾರ ಮುದ್ದೆ ನನ್ ತಲೆ ಗಾತ್ರ ಇತ್ತು. ಈಗ ನಿಂಬೆಹಣ್ಣಾಗೈತಲ್ಲ!" ಎಂದ ಒಬ್ಬ ಗಾಡಿಯವನು.

"ನಿನ್ ತಲೇನೇ ಇಳ್ದಿರ್ಬೇಕು, ಮುಟ್ಟಿ ನೋಡ್ಕೋ," ಎಂದಳು ಅಕ್ಕ.

"ಉಣ್ಣಲಾ ಸುಮ್ಕೆ," ಎಂದ ಭಾವ, ಸಾರಿನ ಸೌಟು ಎತ್ತಿ. "ಮುದ್ದೆ ಸಣ್ಣದಾದ್ರೆ ಸಾರು ಜಾಸ್ತಿ ಆಯ್ತದೆ. ಈಜು ಬತ್ತದೇನ್ಲಾ ನಿಂಗೆ?"

ಚಾಪೆಯ ಮೇಲಿದ್ದವರೆಲ್ಲ ನಕ್ಕರು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕ. ಅವನು ಹಾಗೇ. ದಪ್ಪನೆಯ ಮೀಸೆ, ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿನ ಮೇಲೆ ಬಂದಿರುತ್ತಿತ್ತು. ಆದರೆ ಗಿರಾಕಿಗಳು ಎದ್ದ ಮೇಲೆ ಹಿಟ್ಟಿನ ಡಬ್ಬದೊಳಕ್ಕೆ ಕೈಬಿಟ್ಟು ತಳ ಕೆರೆದ ಸದ್ದು ನನಗೆ ಕೇಳಿಸಿತು.

"ಲೋ ಬಿ.ಎಸ್ಸಿ.," ಎಂದ ನನಗೆ. "ಇಲ್ಲಿ ಕುಂತ್ಕಂಡು ಬೆಟ್ಟ ನೋಡೋ ಬದ್ಲು ಸಿರಾ, ಪಾವಗಡ, ಕೊರಟಗೆರೆ ಸಂತೆ ಸುತ್ಕಂಡ್ ಬಾ. ಎಲ್ಲಾರಾ ರಾಗಿ ಕಂಡ್ರೆ ಹೇಳು, ಗಾಡಿ ಕಟ್ತೀನಿ. ಒಂದ್ಸಲ ಒಲೆ ಆರ್ತು ಅಂದ್ರೆ ಇವ್ರೆಲ್ಲಾ ಕಾಫಿ ಕ್ಲಬ್ಬಿಗೆ ಓಯ್ತಾರೆ, ತಿರ್ಗ ಬರಾಕಿಲ್ಲ."

ಅಲೆಯುವ ಹುಚ್ಚಿದ್ದವನಿಗೆ ಅಲೆಯುವುದೇ ಕೆಲಸವಾಯಿತು. ಖುಷಿಯಿಂದಲೇ ಹೊರಟೆ.

ಆಗ ಪೆಟ್ರೋಲು ಇರಲಿಲ್ಲ. ಬಸ್ಸುಗಳ ಬೆನ್ನಿಗೆ ಪೀಪಾಯಿಯಂಥ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಓಡಿಸುತ್ತಿದ್ದರು. ಹೊರಡುವ ಮುಂಚೆ ಕ್ಲೀನರು ಹಿಂದೆ ನಿಂತು ಹಿಡಿಕೆ ತಿರುಗಿಸಿ ಗಾಳಿ ಹೊಡೆಯಬೇಕು. ಆ ಗ್ಯಾಸು ವಿಷವೆಂದು ನನಗೆ ಪುಸ್ತಕದಿಂದ ಗೊತ್ತಿತ್ತು. ಹಾಗಾಗಿ ಕಿಟಕಿ ಪಕ್ಕವೇ ಕೂತೆ. ಸಿರಾ ತಲುಪುವಷ್ಟರಲ್ಲಿ ಹಿಂದಿನ ಸೀಟಿನವರು ತಲೆನೋವೆಂದು ಹಣೆ ಹಿಡಿದುಕೊಂಡಿದ್ದರು. ಒಬ್ಬ ಹೆಂಗಸು ವಾಂತಿ ಮಾಡಿಕೊಂಡಳು.

ಸಿರಾದ ಸಂತೆಯಲ್ಲಿ ಖರ್ಜೂರ ಇತ್ತು, ಕಡಲೆಕಾಯಿ ಇತ್ತು, ಕೆಂಡದ ಮೇಲೆ ಮಾಂಸ ಸುಡುವವರ ಹೊಗೆ ಇತ್ತು. ಕಾಳಿನ ಸಾಲಿನಲ್ಲಿ ಬುಕ್ಕಾಪಟ್ಟಣದ ಕಡೆಯ ಕಂಬಳಿಯವರು ಕಂಬಳಿ ಹಾಸಿಕೊಂಡು ಕೂತಿದ್ದರು. ಕಾಳಿನವರು ಬರದೆ ಜಾಗ ಖಾಲಿ ಬಿದ್ದಿತ್ತು, ಇವರು ಹರಡಿಕೊಂಡಿದ್ದರು. ಕಪ್ಪು ಕಂಬಳಿಗಳು ಆ ಸಾಲಿನ ಉದ್ದಕ್ಕೂ ಹರಡಿದ್ದು ನೋಡಲು ಚೆನ್ನಾಗಿರಲಿಲ್ಲ. ಕೊನೆಯಲ್ಲಿ ಒಬ್ಬ ಮುದಿ ಸಾಬರು ಖಾಲಿ ಗೋಣಿತಟ್ಟುಗಳ ನಡುವೆ ಅಂಗಡಿ ತೆರೆದಿದ್ದರು. ರಾಗಿ ಇಡುವ ಮರದ ತೊಟ್ಟಿಯಲ್ಲಿ ನಾಯಿ ಮಲಗಿತ್ತು.

"ರಾಗಿ ಇದೆಯೇ?" ಎಂದೆ.

"ಅರೇ ಬಾಬು, ರಾಗಿ ಮುಖ ನೋಡಿ ಜಮಾನಾ ಆಯ್ತು. ಕಡ್ಲೆಕಾಯಿ ಕೇಳಿ, ಬೆಲ್ಲ ಕೇಳಿ, ಈ ನಾಯಿ ಬೇಕಾ ಅದೂ ಕೊಡ್ತೀನಿ. ರಾಗಿ ಒಂದು ಕೇಳ್ಬೇಡಿ."

"ಬೆಳೆ ಬಂದಿತ್ತಲ್ಲ. ಎಲ್ಲಿ ಹೋಯ್ತು ಸಾಬ್ರೇ?"

ಅವರು ಬೆರಳನ್ನು ಕೆಳಗೆ ಮಾಡಿ ನೆಲ ತೋರಿಸಿದರು. "ಇಲ್ಲಿ. ಜಮೀನ್ ಕೆ ನೀಚೆ. ಸರ್ಕಾರದವರು ಮನೆಮನೆಗೆ ಬಂದು ಅಳೆಸ್ಕೊಂಡು ಹೋಗ್ತಾರಂತೆ ಅಂತ ಖಬರ್ ಅಲ್ವಾ, ಎಲ್ಲಾ ಹಗೇವಿಗೆ ಸುರಿದು ಮುಚ್ಚಿಬಿಟ್ರು. ಈಗ ತೆಗೆಯೋಕೂ ಹೆದರ್ತಾರೆ, ತೆಗೀದೆ ಇರೋಕೂ ಹೆದರ್ತಾರೆ."

ನಾನು ನಿಂತ ನೆಲವನ್ನು ನೋಡಿಕೊಂಡೆ. ಕಾಲಡಿಯಲ್ಲಿ ಊರಿಗೆ ಊರೇ ಟೊಳ್ಳಾಗಿದೆ ಎಂದು ಒಂದು ಗಳಿಗೆ ಅನಿಸಿತು.

ಪಾವಗಡದ ಸಂತೆಯಲ್ಲಿ ಬಿಸಿಲು ಹೆಚ್ಚು, ಮಾತು ಕಡಿಮೆ. ಅಲ್ಲಿ ಕಾಳಿನ ಸಾಲಿನಲ್ಲಿ ಹೆಂಗಸರು ಹಿತ್ತಾಳೆ ಪಾತ್ರೆ ಇಟ್ಟುಕೊಂಡು ಕೂತಿದ್ದರು. ಮದುವೆಯಲ್ಲಿ ಬಂದ ಕೊಡ, ತಪ್ಪಲೆ, ಬೆಳಗಿ ಬೆಳಗಿ ಹೊಳೆಯುತ್ತಿದ್ದವು. ಕಾಳು ಮಾರುತ್ತಿದ್ದ ಜಾಗದಲ್ಲೇ ಕಾಳಿಗೋಸ್ಕರ ಅವನ್ನು ಮಾರಲು ಬಂದಿದ್ದರು. ಒಬ್ಬ ಮುದುಕಿಯ ಮುಂದೆ ಹುರಿದ ಹುಣಸೆಬೀಜದ ಕುಪ್ಪೆ ಇತ್ತು.

"ರಾಗುಲು ಲೇವು ನಾಯ್ನಾ. ಚಿಂತಗಿಂಜಲು ಉಂಡಾಯಿ, ತಗೋ," ಎಂದು, ರಾಗಿ ಇಲ್ಲ ಹುಣಸೆಬೀಜ ಇದೆ ಎಂಬುದನ್ನು ತೆಲುಗಿನಲ್ಲಿ ಹೇಳಿ, ನಾಲ್ಕು ಬೀಜ ಕೈಗೆ ಹಾಕಿದಳು. "ಕೂಳು ಅಂದ್ಕೊಂಡು ಅಗಿ. ಅಲ್ಲುಗಳು ಗಟ್ಟಿ ಐತೆ ಗದಾ, ಪ್ಯಾಂಟು ಆಕ್ಕೊಂಡಿದೀಯ!"

ಸುತ್ತಲಿನವರು ನಕ್ಕರು. ನಾನೂ ನಕ್ಕು ಬೀಜ ಅಗಿಯುತ್ತ ನಿಂತೆ. ಆಗ ಗಮನಿಸಿದೆ: ಆ ಸಾಲಿನಲ್ಲಿ ಒಂದೇ ಒಂದು ಗುಬ್ಬಚ್ಚಿ ಇರಲಿಲ್ಲ. ಎಲ್ಲ ಸಂತೆಯಲ್ಲೂ ಕಾಳಿನವರು ಒಂದು ಕೈಯಲ್ಲಿ ಗುಬ್ಬಚ್ಚಿ ಓಡಿಸುತ್ತಲೇ ಇನ್ನೊಂದು ಕೈಯಲ್ಲಿ ವ್ಯಾಪಾರ ಮಾಡುತ್ತಾರೆ. ಇಲ್ಲಿ ಓಡಿಸುವುದಕ್ಕೂ ಏನೂ ಇರಲಿಲ್ಲ. ಇದನ್ನು ನಿಜಕ್ಕೂ ಅವತ್ತು ಗಮನಿಸಿದೆನೋ, ಆಮೇಲೆ ನಡೆದದ್ದರಿಂದ ಹಿಂದಕ್ಕೆ ಹೋಗಿ ಸೇರಿಸಿಕೊಂಡೆನೋ ಹೇಳಲಾರೆ. ಹುಣಸೆಬೀಜದ ರುಚಿ ಮಾತ್ರ ನಿಜ. ಎರಡು ದಿನ ದವಡೆ ನೋಯುತ್ತಿತ್ತು.

ಕೊರಟಗೆರೆಯ ಸಂತೆ ಚಿಕ್ಕದು. ಸೊಪ್ಪು, ಬದನೆಕಾಯಿ, ಎಲೆ, ಮಣ್ಣಿನ ಮಡಕೆ. ಸಂತೆಯ ಅಂಚಿನಲ್ಲಿ ಒಬ್ಬ ಹೆಂಗಸು ಚಿಗುರು ಹುಣಸೆಸೊಪ್ಪು ತುಂಬಿದ ಕುಕ್ಕೆ ಇಟ್ಟುಕೊಂಡು, ಯಾರನ್ನೂ ಕರೆಯದೆ ಕೂತಿದ್ದಳು. ಅವಳ ಮುಂದೆ ಹಾದುಹೋಗುವಾಗ ಒಂದು ವಾಸನೆ ಬಡಿಯಿತು. ಹುಳಿ, ಮುಗ್ಗಲು, ಹಳೆಯ ಹುಲ್ಲು ಮಳೆಯಲ್ಲಿ ನೆಂದು ಬಿಸಿಯಾದಂತೆ. ನಾನು ನಿಂತೆ. ಅವಳು ಅತ್ತಿತ್ತ ನೋಡಿ ಸೊಪ್ಪು ಸರಿಸಿದಳು. ಕೆಳಗೆ ರಾಗಿ ಇತ್ತು, ಕೆಂಪು ಹೋಗಿ ಕಪ್ಪಾಗುತ್ತ ಬಂದ ರಾಗಿ.

"ಮೂಸ್ಬ್ಯಾಡ ಕಣಪ್ಪಾ. ತೊಳ್ದು ಒಣಾಕುದ್ರೆ ಓಯ್ತದೆ."

"ಇದೇನು ವಾಸನೆ?"

"ನೆಲದ್ ರಾಗಿ. ಹಗೇವಿಂದು. ನಮ್ಮತ್ತೆ ಕಾಲ್ದಾಗೆ ತುಂಬಿದ್ದು."

ಪಕ್ಕದಲ್ಲಿ ಎಲೆ ಮಾರುತ್ತಿದ್ದವನು ಕತ್ತು ಚಾಚಿದ. "ಯಾರವ್ವಾ ಇಳಿದ್ರು?"

"ನಮ್ಮೋರು," ಎಂದಳು. ಅಷ್ಟೆ. ನನಗೆ ಎರಡು ಸೇರು ಅಳೆದುಕೊಟ್ಟು, ಲಾಭ ಎನ್ನದೆ, ಏನೂ ಎನ್ನದೆ, ಕುಕ್ಕೆ ತಲೆಯ ಮೇಲಿಟ್ಟುಕೊಂಡು ಹೊರಟುಹೋದಳು. ಅವಳ ಕೈ ಬೋಳಾಗಿತ್ತು, ಬಳೆ ಇರಲಿಲ್ಲ ಎಂದು ನನ್ನ ನೆನಪು. ಇದನ್ನೂ ನಾನು ಆಮೇಲೆ ಸೇರಿಸಿಕೊಂಡಿರಬಹುದು. ಎಲೆ ಮಾರುವವನನ್ನು ಮತ್ತೇನಾದರೂ ಕೇಳಬಹುದಿತ್ತು. ಬಸ್ಸಿನ ಹೊತ್ತಾಗಿತ್ತು.

ಆ ಎರಡು ಸೇರು ಮಧುಗಿರಿಗೆ ತಂದೆ. ಭಾವ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದು ಕಣ್ಣು ಮುಚ್ಚಿದ.

"ಲೇ, ಇದು ನಮ್ಮಪ್ಪನ ವಾಸ್ನೆ ಕಣೋ!"

ಅಕ್ಕ ಒಲೆಯ ಕಡೆಯಿಂದ ತಿರುಗಿ ನೋಡಿದಳು.

ಭಾವನ ತಂದೆ, ನಾವೆಲ್ಲ ಯಜಮಾನರು ಎನ್ನುತ್ತಿದ್ದವರು, ಚನ್ನರಾಯನದುರ್ಗದ ಬುಡದ ಒಂದು ಹಳ್ಳಿಯಲ್ಲಿ ಒಬ್ಬರೇ ಇದ್ದರು. ಅವರ ಕೊಟ್ಟಿಗೆಯೊಳಗೆ ಒಂದು ಹಗೇವಿತ್ತು. ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಮಣ್ಣು ಸಗಣಿ ಮೆತ್ತಿ, ಮೇಲೆ ದನ ಕಟ್ಟುತ್ತಿದ್ದರು. ಹಿಂದೊಮ್ಮೆ ಅದರಲ್ಲಿ ಅರ್ಧ ತೆಗೆದು ಮುಚ್ಚಿದ್ದರು. ಉಳಿದ ಅರ್ಧ ಹಾಗೇ ಇತ್ತು. ಅಕ್ಕಪಕ್ಕದವರಿಗೂ ಅದು ಮರೆತುಹೋಗಿತ್ತು.

"ಇಳಿಯೋದಾದ್ರೆ ಎಲ್ಡ್ ದಿನ ಬಾಯಿ ತೆಗ್ದಿಟ್ಟು ಇಳೀರಿ," ಎಂದಳು ಅಕ್ಕ. "ನಮ್ಮೂರಾಗೆ ಅಂಗೇ ಮಾಡೋದು."

"ಎಲ್ಡ್ ದಿನ ಬಾಯಿ ತೆಗ್ದಿಟ್ರೆ ವಾಸ್ನೆ ಊರ್ ತುಂಬಾ ಓಯ್ತದೆ ಕಣೆ. ಮೂರ್ನೇ ದಿನಕ್ಕೆ ಅಳ್ಸೋರೂ ಬತ್ತಾರೆ, ಸಾಲ ಕೇಳೋರೂ ಬತ್ತಾರೆ. ಬೆಳಗಿನ ಜಾವ ತೆಗ್ದು, ಗಾಡಿಗೆ ಏರ್ಸಿ, ಬಿಸ್ಲು ಬರೋದ್ರೊಳಗೆ ಮುಚ್ಬುಡೋದು."

"ಒಳಗೆ ಗಾಳಿ ಕೆಟ್ಟಿದ್ರೆ?"

"ದೀಪ ಬುಟ್ಟು ನೋಡ್ತಾರಲ್ಲ ನಮ್ಮಪ್ಪ. ಕೇಳು ನಿನ್ ತಮ್ಮನ್ನ, ಬಿ.ಎಸ್ಸಿ. ಮಾಡವ್ನೆ."

ಅಕ್ಕ ನನ್ನ ಮುಖ ನೋಡಿದಳು. ಕೆಟ್ಟ ಗಾಳಿ ಭಾರ, ತಳದಲ್ಲಿ ನಿಲ್ಲುತ್ತದೆ, ದೀಪ ಆರುವ ಗಾಳಿಯಲ್ಲಿ ಮನುಷ್ಯ ಇಳಿಯಬಾರದು, ಉರಿದರೆ ಇಳಿಯಬಹುದು ಎಂದೆ. ಪುಸ್ತಕದಲ್ಲಿ ಇದ್ದದ್ದು ಅದೇ. ಹಳ್ಳಿಯವರು ಮಾಡುತ್ತಿದ್ದದ್ದೂ ಅದೇ.

ಮಾರನೆಯ ಸಂಜೆ ಮೂವರೂ ಗಾಡಿ ಕಟ್ಟಿಕೊಂಡು ಹಳ್ಳಿಗೆ ಹೋದೆವು. ಯಜಮಾನರು ಜಗುಲಿಯ ಮೇಲೆ ಲಿಂಗಪೂಜೆ ಮುಗಿಸಿ ಕೂತಿದ್ದರು.

"ಬಂದ್ರಾ? ಪ್ಯಾಟೆ ಒಲೆ ಆರ್ತಾ ಬಂದ್ಮ್ಯಾಲೆ ಮುದ್ಕನ ಗ್ಯಾಪ್ಕ ಬಂತಾ?"

"ನಿನ್ನ ಅಲ್ಲ, ನಿನ್ ರಾಗಿ ಗ್ಯಾಪ್ಕ," ಎಂದ ಭಾವ.

ಮುದುಕರು ನಕ್ಕರು. ಊಟದ ನಂತರ ಹಗೇವಿನ ವಿಷಯ ಎತ್ತಿದರು. "ನಮ್ಮಪ್ಪ ಅಗ್ಸಿದ್ ಹಗೇವು ಅಟ್ಟಿ ಮುಂದೈತಲ್ಲ, ಅದು ಬರೀ ಗಡಿಗೆ. ನೀರು ಬಂದು ಕೆಟ್ಟೋಯ್ತು. ಕೊಟ್ಟಿಗೇದು ನಾನೇ ನಿಂತು ಅಗ್ಸಿದ್ದು. ಆನೆ ನಿಲ್ಲುಸ್ಬೋದು ಅದ್ರಾಗೆ." ಆ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಹೇಳುವಾಗ ಎರಡೂ ಕೈ ಅಗಲಿಸಿದ್ದರು.

ಬೆಳಗಿನ ಜಾವ ದನಗಳನ್ನು ಹೊರಗೆ ಕಟ್ಟಿದೆವು. ಪಕ್ಕದ ಮನೆಯ ನಂಬಿಕಸ್ಥನೊಬ್ಬನನ್ನು ಕರೆದಿದ್ದರು. ಅವನೂ ಭಾವನೂ ಹಾರೆ ಹಾಕಿ ಚಪ್ಪಡಿ ಎತ್ತಿದರು. ವಾಸನೆ ಬಂತು, ಕೊರಟಗೆರೆಯ ಕುಕ್ಕೆಯದೇ ವಾಸನೆ, ಆದರೆ ಕುಕ್ಕೆಯಷ್ಟಲ್ಲ. ಹೊರಗಿದ್ದ ದನಗಳು ಹಗ್ಗ ಜಗ್ಗಿದವು. ನೆಲದಲ್ಲಿ ಒಬ್ಬ ಮನುಷ್ಯ ತೂರುವಷ್ಟು ದುಂಡನೆಯ ಬಾಯಿ ಕಾಣಿಸಿತು. ಭಾವ ಕಂಬಳಿಯೊಂದನ್ನು ಹಿಡಿದು ಆ ಬಾಯಿಯ ಮೇಲೆ ಒಂದಷ್ಟು ಹೊತ್ತು ಬೀಸಿದ.

ಯಜಮಾನರು ದೇವರ ಗೂಡಿನಿಂದ ತೂಗುದೀಪ ತಂದರು. ಹಿತ್ತಾಳೆಯದು, ಅವರ ತಂದೆಯ ಕಾಲದ್ದು, ಅದಕ್ಕೆ ಅದರದೇ ಸರಪಳಿ. ಆ ಮನೆಯಲ್ಲಿ ಹಗೇವಿಗೆ ಬಿಡುತ್ತಿದ್ದದ್ದು ಅದೇ ದೀಪ. ಬೇರೆ ದೀಪ ಬಿಡುತ್ತಿರಲಿಲ್ಲ, ಬೇರೆ ಹಗ್ಗವನ್ನೂ ಕಟ್ಟುತ್ತಿರಲಿಲ್ಲ. ಹೊತ್ತಿಸಿದ ದೇವರ ದೀಪ ನೆಲ ತಾಕಬಾರದು ಎಂಬುದು ಅವರ ಕಟ್ಟಳೆ. "ತಾಕ್ಬಾರ್ದು, ತಾಕ್ಬಾರ್ದು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಮಂಡಿಯೂರಿ ಕೂತು ಸರಪಳಿ ಬಿಟ್ಟರು.

ನಾನು ಕೊಟ್ಟಿಗೆಯ ಬಾಗಿಲಲ್ಲಿದ್ದೆ. ನನಗೆ ಕಂಡದ್ದು ದೀಪವಲ್ಲ, ಯಜಮಾನರ ಮುಖ. ಬಾಗಿದ ಆ ಮುಖದ ಗದ್ದಕ್ಕೆ, ಬಿಳಿ ಗಡ್ಡಕ್ಕೆ ಕೆಳಗಿನಿಂದ ಹಳದಿ ಬೆಳಕು ಬಿದ್ದಿತ್ತು. ಈ ಚಿತ್ರವನ್ನೇ ನಾನು ಅಷ್ಟು ವರ್ಷ ಹಿಂದೆ ಮುಂದೆ ತಿರುಗಿಸಿ ನೋಡಿದ್ದು. ಬಾಗಿಲಿನಿಂದ ಮುಂಜಾವಿನ ಬೆಳಕೂ ಬರುತ್ತಿತ್ತಲ್ಲ, ಅದೇ ಇರಬಹುದೇ? ಸರಪಳಿ ಬಿಡುವ ಮುಂಚಿನ ಬೆಳಕೇ, ಬಿಟ್ಟ ಮೇಲಿನದೇ?

"ಉರೀತೈತೆ," ಎಂದರು ಅವರು. ಎಂದರೆಂದು ನನ್ನ ನೆನಪು.

"ಸರ್ಯಾಗ್ ನೋಡಪ್ಪೋ. ಎಣ್ಣೆ ಉಳೀಲಿ ಅಂತ ಆರ್ಸಿರ್ತೀಯ ನೀನು," ಎಂದ ಭಾವ. ದೀಪ ಮೇಲೆ ಬಂದು ಪಕ್ಕಕ್ಕೆ ಸರಿಯಿತು. ಅವನು ಹಗ್ಗ ಹಿಡಿದು ಇಳಿದ. ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ. ಒಳಗಿನಿಂದ ಅವನ ದನಿ ಬಂತು, ಹಂಡೆಯೊಳಗಿಂದ ಬಂದಂತೆ. "ರಾಗಿ ಎಲ್ಲೋ ಪಾತಾಳ್ದಾಗೈತೆ ಕಣಪ್ಪಾ!"

"ಆನೆ ನಿಲ್ಲುಸ್ಬೋದು ಅಂದಿಲ್ವಾ," ಎಂದರು ಮುದುಕರು.

ಪಕ್ಕದ ಮನೆಯವನು ಕುಕ್ಕೆ ಇಳಿಬಿಟ್ಟ. ತುಂಬಿದ ಮೇಲೆ ಭಾವ ಕೂಗಿದ, "ಲಾಭ!" ನಾಲ್ಕು ಸಂತೆಯಲ್ಲಿ ಹುಡುಕಿದರೂ ಕಿವಿಗೆ ಬೀಳದ ಆ ಕೂಗು ನೆಲದ ಕೆಳಗಿನಿಂದ ಬಂತು. ಕುಕ್ಕೆ ಮೇಲೆ ಬಂತು. ಮತ್ತೆ ಇಳಿಯಿತು. "ಎರಡು" ಎಂದ. ದನಿಯಲ್ಲಿ ಏದುಸಿರಿತ್ತು. ಕುಕ್ಕೆ ಬಂತು, ಇಳಿಯಿತು.

ನಾವು ಮೂರು ಎನ್ನುವುದಕ್ಕೆ ಕಾದೆವು.

ಯಜಮಾನರು ಮಗನ ಹೆಸರು ಹಿಡಿದು ಕೂಗಿದರು. ಪಕ್ಕದ ಮನೆಯವನು ಹಗ್ಗ ಜಗ್ಗಿದ, ಸಡಿಲವಾಗಿ ಬಂತು. ಮುದುಕರು ತಾವೇ ಕಾಲು ಇಳಿಬಿಟ್ಟರು. ಅವನೂ ನಾನೂ ತೋಳು ಹಿಡಿದು ಹಿಂದಕ್ಕೆಳೆದೆವು. ಆ ಎಳೆದಾಟದಲ್ಲಿ ಯಾರ ಕಾಲೋ ತಗಲಿ ದೀಪ ಉರುಳಿತು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ತರಲು ಯಾರೋ ಓಡಿದರು. ಅದರ ಕೊಕ್ಕೆಗೆ ಕೊನೆಗೆ ಭಾವನ ಪಂಚೆ ಸಿಕ್ಕಿತು. ಹೇಗೆ ಮೇಲೆ ತಂದರೆಂದು ಬರೆಯುವುದಿಲ್ಲ.

ಅಡಿಗೆಮನೆಯಿಂದ ಓಡಿಬಂದ ಅಕ್ಕ ಮೊದಲು ಕಂಡದ್ದು ದೀಪವನ್ನು. ಅದು ಹಗೇವಿನ ಬಾಯಿಯ ಪಕ್ಕ ಮಗುಚಿಕೊಂಡು ಬಿದ್ದಿತ್ತು. ಎಣ್ಣೆ ಸಗಣಿ ಸಾರಿಸಿದ ನೆಲಕ್ಕೆ ಇಳಿದಿತ್ತು, ಬತ್ತಿ ಕರ್ರಗಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ಗಂಡನನ್ನು ಆಮೇಲೆ ನೋಡಿದಳು.

ಆರಿದ ದೀಪ ಮೇಲೆ ಬಂದಿತ್ತು ಎಂದು ಅವಳು ತೀರ್ಮಾನಿಸಿದ್ದು ಅಲ್ಲಿ. ಆ ರಾಗಿ ಅಂಗಡಿಗೆ ಹೋಗಲಿಲ್ಲ. ಮಧುಗಿರಿಯ ಆ ಮೂಲೆಯಲ್ಲಿ ಬೇರೆ ಯಾರೋ ಬೋಂಡಾ ಕರಿಯತೊಡಗಿದರು. ಮುದುಕರನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ಅಕ್ಕ ಹಳ್ಳಿಯಲ್ಲೇ ಉಳಿದಳು. ಎರಡು ಹೊತ್ತೂ ಮುದ್ದೆ ಮಾಡಿ ತಟ್ಟೆಗೆ ಹಾಕಿ, ಮಾತಿಲ್ಲದೆ, ಕಾಲಿನಿಂದಲ್ಲದಿದ್ದರೂ ಕಾಲಿನಿಂದಲೇ ಎನ್ನುವ ಹಾಗೆ ಅವರ ಮುಂದಕ್ಕೆ ತಳ್ಳುತ್ತಿದ್ದಳು. ದೇವರ ಗೂಡಿನ ದೀಪ ಹೊತ್ತಿಸುವುದನ್ನು ಬಿಟ್ಟಳು. ಯಜಮಾನರಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ತಟ್ಟೆಯ ಸದ್ದು ಕೇಳಿ ಕೈ ಚಾಚುತ್ತಿದ್ದರು. ದೀಪದ ವಿಷಯ ಅವರು ಒಂದು ಸಲ ಮಾತ್ರ ಆಡಿದ್ದು. "ಉರೀತಿತ್ತು ಕಣವ್ವಾ," ಎಂದರಂತೆ. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳಂತೆ.

ನಾನೂ ಅದನ್ನೇ ಹೇಳುತ್ತಿದ್ದೆ. "ಉರಿಯುತ್ತಿತ್ತು ಅಕ್ಕಾ."

"ನೀನು ಓದ್ದೋನು. ದೀಪ ಉರಿಯೋ ಕಡೆ ಮನ್ಸ ಸಾಯ್ತಾನಾ? ಹೇಳು."

ಪುಸ್ತಕ ಅವಳ ಕಡೆಗಿತ್ತು.

ಯುದ್ಧ ಮುಗಿದ ಮೇಲೆ ಒಂದು ಸಲ ಹೋಗಿದ್ದೆ. ಮಧ್ಯಾಹ್ನ, ಯಜಮಾನರು ಜಗುಲಿಯಲ್ಲಿ ಮಲಗಿದ್ದರು. ಅಕ್ಕ ಮತ್ತೆ ಕೇಳಿದಳು. ನಾನು ಎದ್ದೆ. ಕೂರಲಾಗದ ನನ್ನ ಸ್ವಭಾವ ಅವತ್ತು ಉಪಯೋಗಕ್ಕೆ ಬಂತು ಎನ್ನಬೇಕು. ದೇವರ ಗೂಡಿನಿಂದ ತೂಗುದೀಪ ತೆಗೆದುಕೊಂಡು ಕೊಟ್ಟಿಗೆಗೆ ಹೋದೆ. ಅಕ್ಕ ಹಿಂದೆ ಬಂದಳು. ಹಗೇವಿನಲ್ಲಿದ್ದ ರಾಗಿಯನ್ನು ಊರವರು ವಾರಗಟ್ಟಲೆ ಬಾಯಿ ತೆರೆದಿಟ್ಟು ಎಂದೋ ತೆಗೆದುಹಾಕಿದ್ದರು. ಖಾಲಿ ಗುಂಡಿಯ ಮೇಲೆ ಹಲಗೆ ಮುಚ್ಚಿತ್ತು. ಹಲಗೆ ಸರಿಸಿ ಅಕ್ಕನ ಕೈಗೇ ಸರಪಳಿ ಕೊಟ್ಟೆ. ಅವಳು ಮಂಡಿಯೂರಿ, ಅವಳ ಮಾವ ಕೂತ ಹಾಗೇ ಕೂತು, ಬಿಟ್ಟಳು. ನಾನು ಪಕ್ಕದಲ್ಲಿ ಆಳ ನೋಡಲು ಬಿದಿರಿನ ಗಳು ಇಳಿಬಿಟ್ಟೆ.

ಅವಳು ಒಂದು ಸಲ ದೀಪವನ್ನು, ಒಂದು ಸಲ ಗಳುವನ್ನು ನೋಡಿದಳು. ಆಮೇಲೆ, "ಮುದುಕ್ನಿಗೆ ಹೇಳ್ಬ್ಯಾಡ ಕಣೋ," ಎಂದಳು. "ಅಷ್ಟ್ ಆಳ ಅಗ್ಸಿದ್ದು ಅವ್ರೇ ಅಲ್ವಾ."

ಅವತ್ತು ರಾತ್ರಿ ಅವಳು ಯಜಮಾನರ ಕೈ ಹಿಡಿದು ತಟ್ಟೆಯ ಮೇಲಿಟ್ಟು, "ಮಾವಾ, ಉಣ್ಣಿ," ಎಂದಳು ಎಂದು ನನ್ನ ನೆನಪು. ಹಾಗೆ ಅಂದಿರಲಿ ಎಂದು ನಾನೇ ಬಯಸಿದ್ದೂ ಇರಬಹುದು. ಸಿರಾದ ಸಾಬರು ನೆಲ ತೋರಿಸಿದ್ದು, ಪಾವಗಡದಲ್ಲಿ ಗುಬ್ಬಚ್ಚಿ ಇಲ್ಲದ್ದು, ಕೊರಟಗೆರೆಯ ಹೆಂಗಸಿನ ಬೋಳು ಕೈ, ಯಜಮಾನರ ಗದ್ದದ ಬೆಳಕು, ಇವಕ್ಕೆಲ್ಲ ನಾನು ಸಾಕ್ಷಿ ಹೇಳಲಾರೆ. ಒಂದನ್ನು ಮಾತ್ರ ನಾನು ನನ್ನ ನೆನಪಿಗೆ ಬಿಟ್ಟಿಲ್ಲ. ಆ ಮಧ್ಯಾಹ್ನ ಮೂರು ಸಲ ಬಿಟ್ಟು ಮೂರು ಸಲ ನೋಡಿದೆ. ಯಜಮಾನರ ತಂದೆಯ ಹಗೇವಿಗೆ ಸಾಲುತ್ತಿದ್ದ ಆ ಸರಪಳಿಯನ್ನು ಪೂರ್ತಿ ಬಿಟ್ಟರೂ ದೀಪ ಹಗೇವಿನ ಕತ್ತಿನಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಗುಂಡಿಯ ಹೊಟ್ಟೆ ಇನ್ನೂ ಎರಡಾಳು ಆಳಕ್ಕೆ ಇಳಿಯುತ್ತದೆ.